ಒಳಬಾಗಿದ ಅಲಗು ಕೊನೆಗೂ ದಾರಿಗೆ ಬಂತು

ಹಿಡಿಯ ಹತ್ತಿರ ಒಳಕ್ಕೆ ಬಾಗಿ, ಮೊನೆಯ ಕಡೆ ಹೊರಕ್ಕೆ ಉಬ್ಬಿರುವ ಆ ಚಾಕುವನ್ನು ಕಲ್ಲಿನಲ್ಲಿ ಮಸೆದು ಮಸೆದು, ಕಡೆಗೂ ಅದು ಕಾಗದವನ್ನು ಒಂದೇ ಎಳೆತಕ್ಕೆ ಸೀಳಿತು. ನಡುವೆ ಎಲ್ಲೂ ಕಚ್ಚಲಿಲ್ಲ. ಉಬ್ಬಿದ ಭಾಗದ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಕಲ್ಲು ಎಲ್ಲಿ ತಾಗುತ್ತದೆ ಅಂತ ಗೊತ್ತಾಗಲು ಮಾರ್ಕರ್ ಹಚ್ಚಿ, ಬರ್ (ಮಸೆದಾಗ ಬಾಯಿಯ ಆಚೆ ಬದಿಗೆ ಏಳುವ ಉಕ್ಕಿನ ತೆಳು ಏಣು) ಎಬ್ಬಿಸಿ, ಅದನ್ನು ತೆಗೆದು ಮುಗಿಸಿದೆ. ಜೀವ ತಿಂದಿದ್ದು ಒಳಬಾಗು.

25 ಮಿ.ಮೀ. ಅಗಲದ ಕಲ್ಲು ಅಲ್ಲಿ ಬರೀ ತನ್ನ ಎರಡು ಅಂಚುಗಳ ಮೇಲೆ ನಿಲ್ಲುತ್ತದೆ. ನಡುವಿನ ಅಲಗಿಗೆ ಕಲ್ಲು ತಾಗುವುದೇ ಇಲ್ಲ, ಅಂಚು ಮಾತ್ರ ಗೀರು ಹಾಕುತ್ತಾ ಹೋಗುತ್ತದೆ. ಹಾಗಾದರೆ ಸಪೂರ ಕಲ್ಲು ತಂದರಾಯಿತು ಅಂತ ಎಲ್ಲರೂ ಹೇಳುತ್ತಾರೆ. ತಂದೆ. 12 ಮಿ.ಮೀ. ಅಗಲದ್ದು. ಒಳಬಾಗಿನ ಉದ್ದಕ್ಕೂ ಮಾರ್ಕರ್ ನೀಟಾಗಿ ಅಳಿಸಿತು, ಬರ್ ಕೂಡ ಬಂತು. ಆದರೆ ಅಲಗನ್ನು ಬೆಳಕಿಗೆ ಹಿಡಿದು ಉದ್ದಕ್ಕೆ ನೋಡಿದರೆ ಸಣ್ಣ ಸಣ್ಣ ಅಲೆಗಳು! ಸಪೂರ ಕಲ್ಲಿನ ಗುಣವೇ ಅದು. 25ರ ಬದಲು 12 ಹಿಡಿದರೆ, ಕೈಯ ಭಾರ ಅಷ್ಟೇ ಇದ್ದರೂ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟು. ಕೈ ಒಂದು ಕ್ಷಣ ತಡೆದರೂ ಅಲ್ಲೊಂದು ಕುಳಿ.

ಸೆರಾಮಿಕ್ ಕಡ್ಡಿ ಇನ್ನೂ ಕಷ್ಟ. ಅದು ತಾಗುವುದೇ ಒಂದು ಬಿಂದುವಿನಷ್ಟು ಜಾಗಕ್ಕೆ. ಕೊನೆಯಲ್ಲಿ ಎರಡು ಸಲ ಮೆಲ್ಲಗೆ ಎಳೆಯಲು ಸರಿ, ಬೆವೆಲ್ (ಬಾಯಿಯ ಪಕ್ಕದ ಇಳಿಜಾರು ಮುಖ) ಕೂರಿಸುವ ಕೆಲಸಕ್ಕೆ ಬೇಡ.

ಇನ್ನು ಮಾರುವವರ ಕತೆ. 12 ಅಂತ ಬರೆದಿದ್ದ ಕಲ್ಲಿನ ಅಗಲ ಒಂದು ತುದಿಯಲ್ಲಿ 12, ಇನ್ನೊಂದು ತುದಿಯಲ್ಲಿ 11. ಸಾಲದ್ದಕ್ಕೆ, ಅಲ್ಯೂಮಿನಿಯಂ ಪಟ್ಟಿಗೆ ಅಂಟಿಸುವಾಗ ಗೋಂದು ಒಂದು ಕಡೆ ಗುಡ್ಡೆಯಾಗಿ, ಕಲ್ಲು ಓರೆಯಾಗಿ ಕೂತಿತ್ತು, ಒಟ್ಟು ದಪ್ಪವೂ ಒಂದೇ ಸಮ ಇರಲಿಲ್ಲ. ಗೈಡ್ ರಾಡ್‌ನಲ್ಲಿ (ಒಂದು ಗೂಟದ ಸುತ್ತ ತಿರುಗುತ್ತಾ ಕಲ್ಲಿನ ಕೋನ ಕಾಯುವ ಸರಳು) ಹಾಕುವ ಕಲ್ಲಿಗೆ ಇದು ಸಣ್ಣ ವಿಷಯವಲ್ಲ. ಆ ಗೂಟದಿಂದ ಅಲಗು 150 ಮಿ.ಮೀ. ದೂರದಲ್ಲಿದ್ದರೆ, ದಪ್ಪದಲ್ಲಿ 1 ಮಿ.ಮೀ. ವ್ಯತ್ಯಾಸಕ್ಕೆ ಕೋನ ಸುಮಾರು 0.4 ಡಿಗ್ರಿ ಬದಲಾಗುತ್ತದೆ. ಕೇಳಿದರೆ "ಬಳಸ್ತಾ ಬಳಸ್ತಾ ಸರಿಹೋಗುತ್ತೆ ಸರ್" ಅಂತ ಉತ್ತರ. ಕಲ್ಲು ಸವೆದೇ ಹೋದ ಮೇಲೆ ಸರಿಹೋಗುತ್ತೇನೋ.

ಸಿಟ್ಟಿನಲ್ಲಿ ಕಾಗದ, ಪೆನ್ಸಿಲ್ ತೆಗೆದುಕೊಂಡು ಕೂತೆ. ಒಳಬಾಗಿಗೆ ಅಡ್ಡವಾಗಿ 50 ಮಿ.ಮೀ. ಪಟ್ಟಿ ಇಟ್ಟರೆ ನಡುವೆ ಸುಮಾರು 3 ಮಿ.ಮೀ. ಸಂದು. ಅಂದರೆ ಬಾಗಿನ ತ್ರಿಜ್ಯ ಸರಿಸುಮಾರು 100 ಮಿ.ಮೀ. 25 ಮಿ.ಮೀ. ಕಲ್ಲಿಗೆ ಲೆಕ್ಕ ಹಾಕಿದರೆ ಸಂದು 0.78. ಇಲ್ಲೇ ಮಜಾ ಇರುವುದು. ಕಲ್ಲು ಅಲಗಿಗೆ ನೆಟ್ಟಗೆ ನಿಂತಿರುವುದಿಲ್ಲ, 20 ಡಿಗ್ರಿಯಲ್ಲಿ ಮಲಗಿರುತ್ತದೆ ಅಲ್ವಾ? ಹಾಗಾಗಿ ಕಲ್ಲಿನ ಮುಖಕ್ಕೂ ಅಲಗಿನ ಬಾಯಿಗೂ ನಿಜವಾಗಿ ಇರುವ ಸಂದು ಅದರ ಮೂರನೇ ಒಂದು ಭಾಗ, ಅಂದಾಜು 0.27 ಮಿ.ಮೀ. ಇಷ್ಟೇ! ಇಷ್ಟಕ್ಕೆ ಕಲ್ಲನ್ನು ಸಪೂರ ಮಾಡುವುದು ಯಾಕೆ? ಅಗಲ ಹಾಗೇ ಇರಲಿ, ಮುಖವನ್ನು ಅಡ್ಡಡ್ಡಕ್ಕೆ ಒಂಚೂರು ಉಬ್ಬಿಸಿದರೆ ಸಾಕು.

25 ಮಿ.ಮೀ.ನ ಗಟ್ಟಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಗಾಜಿನ ಮೇಲೆ 220ರ (ಕಾಳಿನ ನಯದ ಅಂಕಿ) ಸಿಲಿಕಾನ್ ಕಾರ್ಬೈಡ್ ಪುಡಿ, ನಾಲ್ಕು ಹನಿ ನೀರು. ಕಲ್ಲನ್ನು ಉದ್ದಕ್ಕೆ ತಳ್ಳುತ್ತಾ ಅಕ್ಕಪಕ್ಕಕ್ಕೆ ತೂಗಿದೆ. ಮೊದಲು ಅಂಚಿನ ಗೆರೆ ಅಳಿಯಬೇಕು, ನಡುವಿನದು ಕೊನೆಗೆ. ಉಬ್ಬಿನ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಎರಡೂ ಅಂಚಿಗೆ 0.30 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ಎಲೆ ತೂರಿಸಿ ನೋಡಿದೆ. ಎಲೆಗಳು ಸ್ವಲ್ಪ ಹಿಡಿದ ಹಾಗೆ ಹೋಗಬೇಕು, ಪಟ್ಟಿ ಅಲ್ಲಾಡಬಾರದು. ಲೆಕ್ಕಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇದ್ದರೆ ಒಳ್ಳೆಯದು, ಅಂಚು ತಾಗುವ ಭಯ ಇರುವುದಿಲ್ಲ. ನೀರು ಹಾಕಿ ಮಸೆಯುವ ಮೆತ್ತನೆಯ ವಾಟರ್‌ಸ್ಟೋನ್‌ನಲ್ಲೂ ಮಾಡಬಹುದು, ಆದರೆ ಉಬ್ಬು ಬೇಗ ಸವೆಯುತ್ತದೆ. ಲೋಹದ ಮೇಲೆ ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟಿಗೆ ಈ ಉಪಾಯ ನಡೆಯುವುದಿಲ್ಲ. ಅದರಲ್ಲಿ ಸಪೂರದ್ದನ್ನೇ ಕೊಳ್ಳಬೇಕು.

ಅಲೆಗಳು ಮಾಯ. ಗೀರುಗಳು ಹಿಡಿಯಿಂದ ಮೊನೆಯ ತನಕ ಒಂದೇ ಸಮ. ಬಾಗು ಇದಕ್ಕಿಂತ ಬಿಗಿಯಾಗಿದ್ದರೆ, ಕೊಕ್ಕಿನ ಚಾಕುವಿನ ಹಾಗೆ, ಆಗ ಸಪೂರ ಕಲ್ಲೇ ಗತಿ. ಅಲ್ಲೂ ಅಂಚುಗಳನ್ನು ಮೊದಲು ಉಜ್ಜಿ ಮೊಂಡು ಮಾಡಿ.

ಅಂದ ಹಾಗೆ, ಚಮಚದ ಗುಂಡಿ ಕೆತ್ತುವ ಕೊಕ್ಕೆ ಚಾಕು ಒಂದು ತುಕ್ಕು ಹಿಡಿದು ಕೂತಿದೆ. ಅದಕ್ಕೆ ಕಲ್ಲೇ ಬೇಡ, ಮರದ ಉರುಟು ಕೋಲಿಗೆ ಸುತ್ತಿದ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ) ಸಾಕು. ಬೇರೆ ಬೇರೆ ದಪ್ಪದ ಕೋಲುಗಳನ್ನು ಆಗಲೇ ಕತ್ತರಿಸಿಟ್ಟಿದ್ದೇನೆ. ಬಾಯಿಯ ಎದುರು ತಳ್ಳಿದರೆ ಕಾಗದ ಹರಿದುಹೋಗುತ್ತದೆ, ಹಿಂದಕ್ಕೆ ಎಳೆಯುವುದೊಂದೇ ದಾರಿ. ಅದರ ಕತೆ ಮುಂದಿನ ಸಲ.

ಈ ಚಾಕುವಿನಲ್ಲಿ ಇನ್ನೊಂದು ತಲೆನೋವು ಬಾಕಿ ಇದೆ. ಹಿಡಿಗೆ ತಾಗಿದ ಕೊನೆಯ 4 ಮಿ.ಮೀ.ಗೆ ಯಾವ ಕಲ್ಲೂ ಹೋಗುತ್ತಿಲ್ಲ. ಅಲ್ಲೊಂದು ಸಣ್ಣ ಅರ್ಧಚಂದ್ರದ ಕಚ್ಚು ಹಾಕಬೇಕು. ಗಟ್ಟಿಯಾದ ಉಕ್ಕಿನ ಮೇಲೆ ಮಾಮೂಲಿ ಅರ ಸುಮ್ನೆ ಜಾರುತ್ತದೆ. ಉರುಟು ಡೈಮಂಡ್ ಅರಕ್ಕೆ ಹೇಳಿದ್ದೇನೆ, ಅದೇ ಓರೆಯಾಗಿ ಗೋಂದು ಮೆತ್ತಿದವರ ಹತ್ತಿರ. ಅವರ ಬಳಿ ಮಾತ್ರ ಇತ್ತು.