ಕೌದಿಯ ಒಳಪದರ: ಹದಿಮೂರನೇ ವಾರದ ಲೆಕ್ಕ

ಇಪ್ಪತ್ತು ಚೌಕಗಳಲ್ಲಿ ಹದಿನಾರು ಮುಗಿದಿವೆ. ಅದರಲ್ಲಿ ಒಂದನ್ನು ಮೊನ್ನೆ ಬಿಚ್ಚಬೇಕಾಯಿತು, ಆದ್ದರಿಂದ ಹದಿನೈದು ಎನ್ನುವುದೇ ಸರಿ.

ಮೊದಲಿನ ಟಿಪ್ಪಣಿಗಳನ್ನು ಓದದವರಿಗಾಗಿ ಎರಡು ಮಾತು. ಬೆಂಗಳೂರಿನಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳ ಬಳಗವನ್ನು ಇಷ್ಟು ವರ್ಷ ಕೈಹಿಡಿದು ನಡೆಸಿದ ಮಹಿಳೆಯರಿಗಾಗಿ ಒಂದು ಕೌದಿ ಹೊಲಿಯುತ್ತಿದ್ದೇನೆ. ಒಂದು ಅಡಿಯ ಚೌಕ, ಸಾಲಿಗೆ ನಾಲ್ಕು, ಒಟ್ಟು ಐದು ಸಾಲು. ಸಾಧ್ಯವಾದಲ್ಲೆಲ್ಲ ಅವರವರೇ ಉಟ್ಟು ತೊಟ್ಟ ಬಟ್ಟೆ. ಗಡುವು ಏಪ್ರಿಲ್ 26, ಲೆಸ್ಬಿಯನ್ ಗೋಚರತಾ ದಿನ. ಈ ‘ಗೋಚರತೆ’ ಎಂಬ ಪದ ಸೂಜಿಗಿಂತ ಹೆಚ್ಚು ಚುಚ್ಚಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕೌದಿ ನಮ್ಮ ಧಾರವಾಡದ ಮನೆಯ ವಿದ್ಯೆ. ಅವ್ವ ಹಳೆಯ ಸೀರೆ, ಧೋತರಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಮೂಲೆಗಳಿಗೆ ಸೇರು, ಪಾವು ಹೇರಿ, ಉದ್ದಕ್ಕೂ ಹೊಲಿಗೆ ಹಾಕುತ್ತಾ ಹೋಗುತ್ತಿದ್ದಳು. ನನಗೆ ಅಷ್ಟು ನೆಲವಿಲ್ಲ. ಇಬ್ಬರು ಇರುವ ಒಂದು ಕೋಣೆಯ ಮನೆ, ಅದರಲ್ಲಿ ಒಬ್ಬಳು ರಾತ್ರಿ ಪಾಳಿಯವಳು, ಹಗಲು ಮಲಗುತ್ತಾಳೆ. ಹಾಗಾಗಿ ಒಂದೊಂದು ಚೌಕಕ್ಕೂ ಬೇರೆಯಾಗಿ ಮೂರು ಪದರ ಸೇರಿಸಿ ಹೊಲಿದು, ಎಲ್ಲವನ್ನೂ ಕೊನೆಗೆ ಜೋಡಿಸುವ ದಾರಿ ಹಿಡಿದಿದ್ದೇನೆ. ಮೆಟ್ರೋದಲ್ಲಿ ಕುಳಿತು ಹೊಲಿಯಬಹುದು, ಸೀಟು ಸಿಕ್ಕರೆ. ಅವ್ವ ಇದನ್ನು ಕೌದಿ ಎಂದು ಒಪ್ಪುವುದಿಲ್ಲ.

ನಡುವೆ ಎರಡು ವಾರ ಹಾಳಾದದ್ದು ಸಿದ್ದಿ ಮಹಿಳೆಯರ ಕ್ರಮ ಪ್ರಯತ್ನಿಸಲು ಹೋಗಿ. ಉತ್ತರ ಕನ್ನಡದ ಸಿದ್ದಿಯರು ಅಂಚಿನಿಂದ ಹೊರಟು ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ನಾನು ಹಾಗೆ ಹೊಲಿದ ಚೌಕದ ನಡುವೆ ಬಟ್ಟೆ ಪೂರಿಯಂತೆ ಉಬ್ಬಿ ನಿಂತಿತು. ಅದನ್ನು ಬಿಸಿ ಪಾತ್ರೆ ಇಡಲು ಬಳಸುತ್ತಿದ್ದೇವೆ. ಮೂಲೆಯ ಹೂಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಮೇಲಿನ ಸಾಲು ಬೇರೆ ಊರುಗಳ ಹಿರಿಯರದು, ಅದು ಫೆಬ್ರುವರಿಯಲ್ಲೇ ಮುಗಿಯಿತು. ಮೊದಲ ಚೌಕ ಭೋಪಾಲ್, 1987: ಒಬ್ಬರನ್ನೊಬ್ಬರು ಮದುವೆಯಾದ ಸುದ್ದಿ ಹೊರಬಿದ್ದು ಕೆಲಸ ಕಳೆದುಕೊಂಡ ಪೊಲೀಸ್ ಪೇದೆಗಳಾದ ಲೀಲಾ ಮತ್ತು ಊರ್ಮಿಳಾ ಅವರಿಗೆ, ಖಾಕಿ ಬಟ್ಟೆಯಲ್ಲಿ. ಎರಡನೆಯದು ಮುಂಬೈ, 1995: ಸ್ತ್ರೀ ಸಂಗಮ ಹುಟ್ಟಿದ ವರ್ಷ, ಮುಂದೆ ಲಾಬಿಯಾ ಆದ ಬಳಗ. ಮೂರನೆಯದು ದೆಹಲಿ, 1998ರ ಡಿಸೆಂಬರ್. ಇಬ್ಬರು ಹೆಣ್ಣುಗಳ ಪ್ರೀತಿಯ ಕಥೆಯಾದ ‘ಫೈರ್’ ಚಿತ್ರದ ಪ್ರದರ್ಶನದ ಮೇಲೆ ದಾಳಿ ನಡೆದ ಮೇಲೆ ರೀಗಲ್ ಚಿತ್ರಮಂದಿರದ ಮುಂದೆ ನಿಂತವರ ಕೈಯಲ್ಲಿ ‘ಭಾರತೀಯಳು ಮತ್ತು ಲೆಸ್ಬಿಯನ್’ ಎಂಬ ಅರ್ಥದ ಇಂಗ್ಲಿಷ್ ಫಲಕವಿತ್ತು. ಕ್ಯಾಮೆರಾಗಳ ಎದುರು ಆ ಫಲಕ ಎತ್ತಿ ಹಿಡಿಯಲು ಬೇಕಾದ ತೋಳ್ಬಲವನ್ನು ನೆನೆದೇ ಆ ಚೌಕದಲ್ಲಿ ಬರಿಯ ಒಂದು ಕೈ ಹೊಲಿದೆ. ನಾಲ್ಕನೆಯದು ಕೋಲ್ಕತ್ತಾ, 1999ರ ಜೂನ್ 20: ಆ ದಿನ ಹುಟ್ಟಿದ ಸ್ಯಾಫೊ ಬಳಗಕ್ಕೆ.

ಫಲಕದ ಮಾತನ್ನು ಕನ್ನಡದಲ್ಲಿ ಅಂಚುಪಟ್ಟಿಗೆ ಹಾಕುವ ಆಸೆಯಿಂದ ಧಾರವಾಡದ ಕಸೂತಿಗೆ ಕೈ ಹಾಕಿದೆ. ಕಸೂತಿಯಲ್ಲಿ ಗೆರೆ ಎಳೆದುಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಗವಂತಿ ಹೊಲಿಗೆಯಾದರೆ ಗಂಟೂ ಇಲ್ಲ, ಎರಡೂ ಬದಿ ಒಂದೇ ಚಿತ್ರ. ಗೋಪುರ, ತುಳಸಿಕಟ್ಟೆ, ತೇರು ಇವೆಲ್ಲ ಎಣಿಕೆಗೆ ಬಗ್ಗುತ್ತವೆ. ಕನ್ನಡದ ಗುಂಡು ಅಕ್ಷರ ಬಗ್ಗುವುದಿಲ್ಲ. ‘ಲೆಸ್ಬಿಯನ್’ ಪದದಲ್ಲಿ ಸಕಾರದ ಕೆಳಗೆ ಬರುವ ಬಕಾರದ ಒತ್ತು ನನ್ನನ್ನು ನಾಲ್ಕು ಸಂಜೆ ಕಾಡಿತು. ‘ಸಲಿಂಗಕಾಮಿ’ ಎಂದು ಹಾಕಿದರೆ ಹೊಲಿಯುವುದು ಸುಲಭವಲ್ಲವೇ ಎಂದು ಸಂಗಾತಿ ಕೇಳಿದಳು. ಸುಲಭವೇನೋ ಹೌದು. ಇಪ್ಪತ್ತು ವರ್ಷ ಒಬ್ಬರೊಂದಿಗೊಬ್ಬರು ಮನೆ ಬಾಡಿಗೆ, ಜ್ವರ, ಜಗಳಗಳನ್ನು ಹಂಚಿಕೊಂಡವರನ್ನು ಕಾಮಕ್ಕೆ ಮಾತ್ರ ಗಂಟು ಹಾಕುವ ಪದಕ್ಕೆ ನನ್ನ ದಾರ ವ್ಯರ್ಥ ಮಾಡುವುದಿಲ್ಲ.

ಇನ್ನು ನಮ್ಮ ಊರಿನವರು. 2008ರ ಜೂನ್ 29ರಂದು, ದೆಹಲಿ, ಕೋಲ್ಕತ್ತಾಗಳಲ್ಲಿ ಮೆರವಣಿಗೆ ನಡೆದ ದಿನವೇ, ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಅದರ ಫೋಟೋಗಳಲ್ಲಿ ಕಾಣುವವರನ್ನು ಹುಡುಕುವುದು ಕಷ್ಟವಲ್ಲ. ನನ್ನ ಪಟ್ಟಿಯಲ್ಲಿರುವ ಹೆಚ್ಚಿನವರು ಆ ಫೋಟೋಗಳ ಹೊರಗೆ ನೀರಿನ ಕ್ಯಾನು ಹೊತ್ತಿದ್ದವರು. ಒಬ್ಬರು ಒಂಬತ್ತು ವರ್ಷ, ತಿಂಗಳಿಗೊಂದು ಭಾನುವಾರ, ತಮ್ಮ ಮಹಡಿ ಮನೆಯ ಬೀಗದ ಕೈ ಕೊಟ್ಟು ಕೂಟಕ್ಕೆ ಜಾಗ ಮಾಡಿದವರು. ಅವರದು ಕಿಟಕಿಯ ಪರದೆಯ ತುಂಡು, ಬಿಸಿಲಿಗೆ ಒಂದು ಬದಿ ಮಾಸಿದ್ದು. ಇನ್ನೊಬ್ಬರು ವಾರಕ್ಕೆ ಎರಡು ಸಂಜೆ ಸಹಾಯವಾಣಿಯ ಫೋನಿನ ಮುಂದೆ ಕುಳಿತವರು. ಕರೆ ಮಾಡಿದವರು ಮಾತನಾಡದೆ ಅತ್ತರೆ ಸುಮ್ಮನೆ ಕಾಯುತ್ತಿದ್ದೆ, ಅಷ್ಟೇ ನನ್ನ ಕೆಲಸ ಎಂದರು. ಅವರ ದುಪ್ಪಟ್ಟಾದ ಮೇಲೆ ಸುರುಳಿ ತಂತಿಯ ಹಳೆಯ ಫೋನು.

ನನಗೆ ಅತಿ ಪ್ರಿಯವಾದದ್ದು ಒಂಬತ್ತನೇ ಚೌಕ. ಊರು ಬಿಟ್ಟು ರಾತ್ರಿ ಬಸ್ಸು ಹತ್ತಿದ ಹುಡುಗಿಯರನ್ನು ಬೆಳಗಿನ ಐದಕ್ಕೆ ಮೆಜೆಸ್ಟಿಕ್‌ನಲ್ಲಿ ಎದುರುಗೊಳ್ಳುತ್ತಿದ್ದ ಅಕ್ಕ ಒಬ್ಬರಿದ್ದಾರೆ. ಕಸೂತಿಯ ತೇರಿನ ನಕ್ಷೆಗೆ ಕಳಸ ತೆಗೆದು, ಚಕ್ರ ಉಳಿಸಿ, ಕೆಂಪು ಬಸ್ಸು ಮಾಡಿದೆ. ಕೆಂಪಿಗೆ ಗುಳೇದಗುಡ್ಡದ ಖಣ ಬಳಸಿದ್ದು ನನ್ನ ತಪ್ಪು, ಮೊದಲು ನೆನೆಸಿ ನೋಡಲಿಲ್ಲ. ಒಗೆದಾಗ ಬಣ್ಣ ಬಿಟ್ಟು ಬಿಳಿಯ ನೆಲವೆಲ್ಲ ನಸುಗೆಂಪಾಯಿತು. ಉಪ್ಪುನೀರು ಏನೂ ಮಾಡಲಿಲ್ಲ. ಮತ್ತೆ ಹೊಲಿಯಬೇಕೆಂದಿದ್ದೆ. ಅಕ್ಕ ನೋಡಿ, ಮೆಜೆಸ್ಟಿಕ್‌ನಲ್ಲಿ ಆ ಹೊತ್ತಿಗೆ ಆಕಾಶ ಹೀಗೆಯೇ ಇರುತ್ತದೆ ಎಂದರು. ಸಮಾಧಾನಕ್ಕೆ ಹೇಳಿದರೋ ಏನೋ, ನಾನಂತೂ ನಂಬಿ ಮುಂದಿನ ಚೌಕಕ್ಕೆ ಹೋದೆ.

ಅದು ಕರಿ ಚೌಕ, ವಕೀಲೆಯೊಬ್ಬರ ಹಳೆಯ ಕೋಟಿನದು. ಮೂರು ಸೂಜಿ ಮುರಿದವು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮು ಹೆಣ್ಣುಗಳ ಮೇಲೆ ನೇರವಾಗಿ ಬಿದ್ದದ್ದು ಕಡಿಮೆ. ಓಡಿಬಂದವರ ಬೆನ್ನು ಹತ್ತುತ್ತಿದ್ದುದು ಮನೆಯವರು ಕೊಟ್ಟ ಅಪಹರಣದ ದೂರು, ಕಾಣೆಯಾದ ದೂರು. ಹಾಗಾಗಿ ಅದು ಅಪರಾಧವಲ್ಲ ಎಂದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮರುದಿನವೂ ಈ ವಕೀಲೆಯ ಫೋನು ಮೊದಲಿನಂತೆಯೇ ಹೊಡೆದುಕೊಂಡಿತು. ಆ ಮೊಕದ್ದಮೆಯಲ್ಲಿ ವಾದಿಸಿದ ಮೇನಕಾ ಗುರುಸ್ವಾಮಿ, ಅರುಂಧತಿ ಕಾಟ್ಜು ಇಬ್ಬರೂ ನಮ್ಮ ನಾಗರಭಾವಿಯ ಕಾನೂನು ಶಾಲೆಯಲ್ಲಿ ಓದಿದವರು. ತಾವು ಜೋಡಿ ಎಂದು 2019ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅವರಿಗೂ ಒಂದು ಚೌಕ ಮಾಡೋಣವೇ ಎಂದು ಕೇಳಿದ್ದಕ್ಕೆ ವಕೀಲೆ ನಕ್ಕು, ಅವರಿಗೆ ಪತ್ರಿಕೆಗಳು ಸಾಕಷ್ಟು ಹೊಲಿದಿವೆ, ನೀನು ಠಾಣೆಯ ಹೊರಗೆ ಸ್ಕೂಟರ್ ಮೇಲೆ ಕುಳಿತು ಕಾದವಳಿಗೆ ಮಾಡು ಎಂದರು. ಅದು ಹನ್ನೊಂದನೇ ಚೌಕವಾಯಿತು.

ಹೆಸರಿನ ಸಂಗತಿ. ಸನ್ಮಾನ ಎಂದರೆ ಹೆಸರು ಎಲ್ಲರಿಗೂ ಕಾಣಬೇಕು ಎಂದುಕೊಂಡೇ ಶುರು ಮಾಡಿದ್ದೆ. ನಮ್ಮ ಊರಿನವರಲ್ಲಿ ಹನ್ನೆರಡು ಮಂದಿ ಬೇಡ ಎಂದರು. ಒಬ್ಬರಿಗೆ ಬಾಡಿಗೆ ಮನೆಯ ಚಿಂತೆ, ಒಬ್ಬರಿಗೆ ಶಾಲೆಯ ನೌಕರಿಯದು, ಒಬ್ಬರಿಗೆ ತಮ್ಮನ ಮಕ್ಕಳದು. ಮೊದಲು ಬೇಸರವಾಯಿತು, ಸುಳ್ಳೇಕೆ. ಆಮೇಲೆ ಕೌದಿಯೇ ದಾರಿ ತೋರಿಸಿತು: ಹೆಸರನ್ನು ನಡುವಿನ ಪದರದ ಮೇಲೆ ಹೊಲಿದು, ಮೇಲೊಂದು ಕೆಳಗೊಂದು ಬಟ್ಟೆ ಮುಚ್ಚಿ, ಸುತ್ತ ಹೊಲಿಗೆ ಹಾಕುವುದು. ಹೊರಗೆ ಕಾಣುವುದಿಲ್ಲ, ಬೆರಳಿಟ್ಟರೆ ಉಬ್ಬು ಸಿಗುತ್ತದೆ. ಕೇಳಿದ ಕೂಡಲೇ ಒಪ್ಪಿದರು. ಒಬ್ಬರು ಮಾತ್ರ ಕಾಗುಣಿತ ತಪ್ಪಾಗದಂತೆ ನೋಡಿಕೊ ಎಂದರು.

ಹದಿನೈದನೇ ಚೌಕದ ಹೆಸರನ್ನು ಹೊರಗೇ ಹಾಕಿದ್ದೇನೆ. ಅವರು ತೀರಿಕೊಂಡಿದ್ದಾರೆ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಕಾಗದದಲ್ಲಿ ‘ಸಂಬಂಧ’ ಎಂಬ ಕಡೆ ಅವರ ಸಂಗಾತಿ ‘ಗೆಳತಿ’ ಎಂದು ಬರೆದದ್ದಕ್ಕೆ ಒಳಗೆ ಬಿಡಲಿಲ್ಲ. ಮರುದಿನ ‘ಅಕ್ಕ’ ಎಂದು ಬರೆದರು. ತೀರಿಕೊಂಡವರ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಲು ಆ ಸಂಗಾತಿಯೇ ಹಿಡಿದುಕೊಟ್ಟರು. ಆ ಚೌಕಕ್ಕೆ ಚಿತ್ರ ಹಾಕಿಲ್ಲ, ಟೋಪ ತೆನೆ ಸೆರಗಿಗೆ ನಾನು ಸೇರಿಸುವಂಥದ್ದು ಏನಿದೆ?

ಈಗ ಬಿಚ್ಚಿದ ಚೌಕ. ಮೊನ್ನೆ ರಾತ್ರಿ, ಹೆಸರು ಹೊರಗಿರಲಿ ಎಂದಿದ್ದವರೊಬ್ಬರು ಫೋನು ಮಾಡಿ, ಅಕ್ಕನ ಮಗಳಿಗೆ ಗಂಡು ನೋಡುತ್ತಿದ್ದಾರೆ, ಒಳಗೆ ಹಾಕಲು ಆಗುತ್ತದೆಯೇ ಎಂದು ಕೇಳಿದರು. ಮೂರು ಸಲ ಕ್ಷಮೆ ಕೇಳಿದರು. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಎತ್ತಿದೆ. ದಾರ ಹೋದರೂ ತೂತುಗಳು ನಿಂತವು. ದೀಪಕ್ಕೆ ಹಿಡಿದರೆ ಹೆಸರು ಪೂರ್ತಿ ಓದಬಹುದಿತ್ತು. ರಾತ್ರಿಯಿಡೀ ನೆನೆಸಿ, ಉಗುರಿನಿಂದ ಎಳೆಗಳನ್ನು ಕೂಡಿಸಿ, ಬಿಸಿ ಇಸ್ತ್ರಿ ಹಾಕಿದ ಮೇಲೆ ಮುಚ್ಚಿಕೊಂಡವು. ಒಂದು ಒತ್ತಕ್ಷರದ ಕೆಳಗಿನ ಎರಡು ತೂತು ಮಾತ್ರ ಇನ್ನೂ ಇವೆ. ಅಲ್ಲೊಂದು ಹೂ ಇಡುತ್ತೇನೆ.

ಬೇಕಾಗಿರುವುದು: ಬಿಳಿ ಹತ್ತಿದಾರ ಆರು ಉಂಡೆ, ಅಂಚಿಗೆ ನಾಲ್ಕು ಮೀಟರ್ ಕಡುನೀಲಿ, ಒಂದು ಭಾನುವಾರದ ಮಟ್ಟಿಗೆ ದೊಡ್ಡ ನೆಲವಿರುವ ಮನೆ. ಭಾರ ಇಡಲು ಸೇರು, ಪಾವು ಇದ್ದವರು ತನ್ನಿ.