ಪಗ್ಗು ತಿಂಗಳ ಸೆಕೆಗೆ ತಕ್ಕ ವಾಟ್

ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರ್ 90 ಡಿಗ್ರಿ ಮುಟ್ಟಿತೆಂದು ಗಾಬರಿಯಾಗುವ ಮೊದಲು ಒಂದು ಸಣ್ಣ ಲೆಕ್ಕ ಹಾಕಬೇಕು. ವಿಮರ್ಶೆಯ ವಿಡಿಯೋಗಳಲ್ಲಿ ಕಾಣುವ ತಾಪಮಾನ ಹೆಚ್ಚಾಗಿ 21-22 ಡಿಗ್ರಿಯ ತಂಪು ಕೋಣೆಯದ್ದು. 22 ಡಿಗ್ರಿಯ ಕೋಣೆಯಲ್ಲಿ 75 ತೋರಿಸುವ ಚಿಪ್, ಸುತ್ತಲಿನ ಗಾಳಿಗಿಂತ 53 ಡಿಗ್ರಿ ಬಿಸಿಯಾಗಿದೆ. ಅದೇ ಚಿಪ್, ಅದರ ಮೇಲೆ ಕೂತು ಬಿಸಿ ಹೊರಹಾಕುವ ಅದೇ ಕೂಲರ್, ಅದೇ ಆಟ. ಆದರೆ ಕಾಸರಗೋಡಿನ ಕುಂಬಳೆಯದ್ದೋ ಬದಿಯಡ್ಕದ್ದೋ ಟೆರೇಸ್ ಮನೆ, ಮಹಡಿಯ ಕೋಣೆ, ತುಳುವಿನ ಪಗ್ಗು ತಿಂಗಳ (ಏಪ್ರಿಲ್-ಮೇ) ಸಂಜೆ, ಹಗಲಿಡೀ ಕಾದ ಸ್ಲ್ಯಾಬಿನ ಕೆಳಗೆ 34 ಡಿಗ್ರಿ. 34ಕ್ಕೆ 53 ಕೂಡಿಸಿದರೆ 87. ಬಾಗಿಲು ಹಾಕಿಕೊಂಡು ಎರಡು ಗಂಟೆ ಆಡಿದರೆ 350-400 ವಾಟ್ ತಿನ್ನುವ ಕಂಪ್ಯೂಟರೇ ಹೀಟರಾಗಿ ಕೋಣೆಯನ್ನು ಇನ್ನೆರಡು ಡಿಗ್ರಿ ಮೇಲಕ್ಕೆತ್ತುತ್ತದೆ. ಅಲ್ಲಿಗೆ 90ರ ಹತ್ತಿರ ಬಂತು. ಯಾವುದೂ ಕೆಟ್ಟಿಲ್ಲ, ಊರು ಬೇರೆ ಅಷ್ಟೆ.

ನಮ್ಮ ಕರಾವಳಿಯ ಸೆಕೆಗೆ ಚಿಪ್ ಹೆಚ್ಚು ಕಾಯುತ್ತದೆಂಬ ಮಾತಿದೆ. ಅದು ಅರ್ಧ ಸತ್ಯ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನಮ್ಮ ಬೆವರು ಆರುವುದಿಲ್ಲ, ಅದಕ್ಕೇ ನಮಗೆ ಸೆಕೆ. ಪ್ರೊಸೆಸರ್ ಬೆವರುವುದಿಲ್ಲವಲ್ಲ. ಅದಕ್ಕೆ ಲೆಕ್ಕಕ್ಕೆ ಬರುವುದು ಗಾಳಿಯ ಉಷ್ಣತೆ ಮಾತ್ರ. ಹಾಗಾಗಿ ಮುನ್ನೂರು ರೂಪಾಯಿಯೊಳಗೆ ಸಿಗುವ ಕೋಣೆಯ ಥರ್ಮಾಮೀಟರ್ ಒಂದನ್ನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಗಾಳಿ ಒಳಹೋಗುವ ಕಡೆ ಇಡಿ. ಅದಿಲ್ಲದೆ ಬರೆದಿಟ್ಟ ಅಂಕಿಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಎಷ್ಟು ಬಿಸಿ ಹೆಚ್ಚು ಎಂಬುದು ಚಿಪ್ ನೋಡಿ ಹೇಳಬೇಕಾದ ಮಾತು. ರೈಜನ್ 5 5600 ಮತ್ತು ರೈಜನ್ 7 5800ಎಕ್ಸ್‌ಗೆ ಎಎಂಡಿ ಕೊಟ್ಟ ಮಿತಿ 90 ಡಿಗ್ರಿ, 5600ಎಕ್ಸ್ ಮತ್ತು 7600ಎಕ್ಸ್‌ಗೆ 95. ಇಂಟೆಲ್‌ನ ಐ5-12400ಎಫ್‌ಗೆ 100. ಮಿತಿ ಮುಟ್ಟಿದರೆ ಚಿಪ್ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದರಲ್ಲೂ ರೈಜನ್ 7000 ಸರಣಿಯ ಎಕ್ಸ್ ಚಿಪ್‌ಗಳು ಪೂರ್ಣ ಭಾರದಲ್ಲಿ 95ರಲ್ಲೇ ನಿಂತು ಎಷ್ಟು ಸಾಧ್ಯವೋ ಅಷ್ಟು ಓಡುವಂತೆ ಮಾಡಿದಂಥವು. ದೊಡ್ಡ ಕೂಲರ್ ಹಾಕಿದರೆ ಬಿಸಿ ಇಳಿಯುವ ಬದಲು ವೇಗ ಏರುತ್ತದೆ. ಆದ್ದರಿಂದ ಅವುಗಳಲ್ಲಿ 95 ಕಂಡದ್ದಕ್ಕೇ ಹೊಸ ಕೂಲರ್ ತರುವುದು ದಂಡ. ನೋಡಬೇಕಾದ್ದು ಆಟದ ನಡುವೆ ಪ್ರೊಸೆಸರಿನ ಕ್ಲಾಕ್ ವೇಗ ಕುಸಿಯುತ್ತದೆಯೇ, ಚಿತ್ರ ತಡೆತಡೆದು ಬರುತ್ತದೆಯೇ ಎಂಬುದನ್ನು.

ಪರೀಕ್ಷೆಗೆ ಎರಡು ತಂತ್ರಾಂಶ ಸಾಕು: ಬಿಸಿ, ವೇಗ, ವಾಟ್ ತೋರಿಸುವ ಎಚ್‌ಡಬ್ಲ್ಯುಇನ್ಫೋ ಮತ್ತು ಪ್ರೊಸೆಸರನ್ನು ದುಡಿಸಿ ಅಂಕ ಕೊಡುವ ಸಿನೆಬೆಂಚ್ ಆರ್23. ಸಿನೆಬೆಂಚನ್ನು ಹತ್ತು ನಿಮಿಷದ ಮಲ್ಟಿಕೋರ್ (ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ ದುಡಿಸುವ) ಪರೀಕ್ಷೆಗೆ ಹಚ್ಚಿ, ಬಿಸಿ ಏರುವ ಬಗೆ ನೋಡಿ. ಭಾರ ಬಿದ್ದ ಒಂದೆರಡು ಸೆಕೆಂಡಿನಲ್ಲೇ 65 ವಾಟಿನ ಚಿಪ್ 90ಕ್ಕೆ ಜಿಗಿದರೆ ಕೂಲರ್ ಚಿಪ್ಪಿಗೆ ಸರಿಯಾಗಿ ಕೂತಿಲ್ಲ: ಪಿನ್ ಸಡಿಲ, ಚಿಪ್ಪಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿದೆ. ಇದು ನಗುವ ವಿಷಯವಲ್ಲ, ಆಗಾಗ ಆಗುವಂಥದ್ದೇ. ಎಂಟು ಹತ್ತು ನಿಮಿಷ ನಿಧಾನವಾಗಿ ಏರುತ್ತಾ ಹೋದರೆ ಕ್ಯಾಬಿನೆಟ್ಟಿನೊಳಗೆ ಬಿಸಿಗಾಳಿ ಕಟ್ಟಿಕೊಂಡಿದೆ. ಅನುಮಾನ ಉಳಿದರೆ ಪಕ್ಕದ ಬಾಗಿಲು ತೆಗೆದು, ಗ್ರಾಫಿಕ್ಸ್ ಕಾರ್ಡಿಗೂ ಕೆಲಸವಿರುವ ಒಂದು ಆಟವನ್ನು ಮತ್ತೆ ಆಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಗಾಳಿಯ ಓಡಾಟದ್ದು. ಏನೂ ಇಳಿಯದಿದ್ದರೆ ಕೂಲರ್, ಪೇಸ್ಟ್ ಅಥವಾ ವಾಟಿನದ್ದು. ನೀರಿನ ಕೂಲರ್ ಇದ್ದು ಒಂದು ಕೊಳವೆ ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಪಂಪ್ ನಿಂತಿರುವ ಸಂಶಯ ಬಲವಾಗುತ್ತದೆ.

ಇಂಟೆಲ್ ಜತೆ ಬರುವ ಕೂಲರಿನ ನಾಲ್ಕು ಪುಶ್‌ಪಿನ್‌ಗಳೇ ಅರ್ಧ ದೂರುಗಳ ಮೂಲ. ತಲೆಯ ಮೇಲಿನ ಬಾಣದ ದಿಕ್ಕು ಬಿಚ್ಚುವುದಕ್ಕೆ. ಕೂರಿಸುವ ಮುನ್ನ ನಾಲ್ಕನ್ನೂ ಬಾಣಕ್ಕೆ ಎದುರಾಗಿ ತಿರುಗಿಸಿಡಬೇಕು. ಮೂಲೆಯಿಂದ ಎದುರು ಮೂಲೆಗೆ ಒತ್ತುತ್ತಾ ಹೋಗಿ. ಬೋರ್ಡಿನ ಹಿಂಬದಿಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ನಡುವಿನಿಂದ ಕರಿ ಪಿನ್ ಹೊರಗೆ ಕಂಡರೆ ಮಾತ್ರ ಕೂತಂತೆ. ಎಎಂ4 ಸಾಕೆಟ್ಟಿನ (5000 ಸರಣಿಯಂಥ) ರೈಜನ್‌ಗಳಲ್ಲಿ ತೊಂದರೆ ಬಿಚ್ಚುವಾಗ: ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ, ಕೂಲರನ್ನು ನೇರ ಮೇಲೆಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ. ಮೊದಲು ಹತ್ತು ನಿಮಿಷ ಭಾರ ಹಾಕಿ ಬಿಸಿ ಮಾಡಿ, ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಇಟ್ಟರೆ ಸಾಕು.

ಇನ್ನು ಗಾಳಿ. ನಮ್ಮ ಮನೆಗಳ ಕಂಪ್ಯೂಟರ್ ಟೇಬಲ್‌ಗಳಲ್ಲಿ ಸಿಪಿಯು ಇಡಲೆಂದೇ ಒಂದು ಗೂಡು ಇರುತ್ತದೆ, ಮೂರು ಕಡೆ ಹಲಗೆ. ಗೇಮಿಂಗ್ ಕಂಪ್ಯೂಟರಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಹಿಂದಿನ ಫ್ಯಾನ್ ಉಗುಳಿದ ಬಿಸಿ ಹಿಂಬದಿಯ ಹಲಗೆಗೆ ಬಡಿದು ಮತ್ತೆ ಮುಂದಿನಿಂದ ಒಳಗೆ ಬರುತ್ತದೆ. ಹೊರಗೆ ತೆಗೆದಿಡಿ, ಆಗದಿದ್ದರೆ ಹಿಂದಿನ ಹಲಗೆಯಾದರೂ ಬಿಚ್ಚಿ. ಗೋಡೆಗೂ ಅದಕ್ಕೂ ನಡುವೆ 15 ಸೆಂಟಿಮೀಟರ್ ಬಿಡಿ. ಮುಂದೆ ಎರಡು 120 ಮಿಲಿಮೀಟರ್ ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ, ಇದು ಹೆಚ್ಚಿನವರಿಗೆ ಸಾಕು. ಒಳಬರುವ ಗಾಳಿ ಹೆಚ್ಚಿದ್ದರೆ ದೂಳು ಸಂದುಗಳಿಂದ ನುಗ್ಗುವ ಬದಲು ಫಿಲ್ಟರಿನಲ್ಲಿ ನಿಲ್ಲುತ್ತದೆ. ಹೆದ್ದಾರಿ 66ರ ಬದಿಯ ಮನೆ, ಮುರಕಲ್ಲಿನ ಕೋರೆಯ ಹತ್ತಿರದ ಮನೆ, ಅಡಕೆ ಸುಲಿಯುವ ಅಂಗಳ ಇರುವ ಮನೆ, ಇಲ್ಲೆಲ್ಲ ಬೇಸಿಗೆಯಲ್ಲಿ ಮೂರು ವಾರಕ್ಕೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೆಂಪು ದೂಳು ತೇವ ಹೀರಿ ಕೆಸರಿನಂತೆ ಅಂಟುತ್ತದೆ. ಒಣ ಬ್ರಷ್ಷಿನಿಂದ ಬಿಡಿಸಿ, ಬೆರಳಿನಿಂದ ಫ್ಯಾನ್ ತಿರುಗದಂತೆ ಹಿಡಿದು ಬ್ಲೋವರ್ ಹೊಡೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಒಡ್ಡಬೇಡಿ, ಅದರ ಪೈಪಿನಲ್ಲಿ ನೀರು ಇರುತ್ತದೆ. ಹಂಚಿನ ಮನೆಯವರಿಗೆ ಕ್ಯಾಬಿನೆಟ್ಟಿನ ಮೇಲಿನ ಜಾಲರಿ ಇನ್ನೊಂದು ಕಾಟ: ಮಾಡಿನಿಂದ ಉದುರುವುದೆಲ್ಲ, ಹಲ್ಲಿಯದ್ದೂ ಸೇರಿ, ಒಳಗೇ. ಆರಿಸಿದ ಮೇಲೆ ಬಟ್ಟೆ ಮುಚ್ಚಿ. ಓಡುವಾಗ ಮುಚ್ಚಬೇಡಿ ಎಂದೂ ಹೇಳಬೇಕಾದ ಪರಿಸ್ಥಿತಿ ಇದೆ.

ಇಷ್ಟೆಲ್ಲ ಸರಿಯಿದ್ದೂ ಏಪ್ರಿಲ್-ಮೇ ತಿಂಗಳಲ್ಲಿ ಚಿಪ್ ಮಿತಿಗೆ ತಗುಲುತ್ತಿದ್ದರೆ ಉಳಿದ ದಾರಿ ವಾಟ್ ಇಳಿಸುವುದು. ನನ್ನ ಮಟ್ಟಿಗೆ ಇದೇ ಮೊದಲ ದಾರಿಯಾದರೂ ಅಡ್ಡಿಯಿಲ್ಲ, ಏಕೆಂದರೆ ಪುಕ್ಕಟೆ. ಚಿಪ್ ತಿನ್ನುವ ಶಕ್ತಿ ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೂ ಏರುತ್ತದೆ. ಬೂಸ್ಟಿನ, ಎಂದರೆ ಚಿಪ್ ತಾನಾಗಿ ಏರಿಸಿಕೊಳ್ಳುವ ವೇಗದ, ಕೊನೆಯ 200 ಮೆಗಾಹರ್ಟ್ಸ್‌ಗೆ ವೋಲ್ಟೇಜನ್ನು ಬಹಳ ಎತ್ತಬೇಕಾಗುತ್ತದೆ. ಆ ತುದಿಯನ್ನು ಕತ್ತರಿಸಿದರೆ ಬಿಸಿ ಧಾರಾಳ ಇಳಿಯುತ್ತದೆ, ಆಟದ ಫ್ರೇಮ್‌ಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ಹೆಚ್ಚೇನೂ ಇಳಿಯುವುದಿಲ್ಲ. ಆಟಗಳು ಎಲ್ಲ ಕೋರ್‌ಗಳನ್ನೂ ಸಿನೆಬೆಂಚಿನಂತೆ ದುಡಿಸುವುದಿಲ್ಲವಲ್ಲ.

ರೈಜನ್ ಆದರೆ ಬಯೋಸಿನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ಎಎಂಡಿ ಓವರ್‌ಕ್ಲಾಕಿಂಗ್, ಅದರೊಳಗೆ ಪ್ರಿಸಿಶನ್ ಬೂಸ್ಟ್ ಓವರ್‌ಡ್ರೈವ್, ಅಡ್ವಾನ್ಸ್ಡ್, ಲಿಮಿಟ್ಸ್ ಮ್ಯಾನುಯಲ್. 5800ಎಕ್ಸ್‌ನ ಕಾರ್ಖಾನೆಯ ಅಂಕಿಗಳು ಪಿಪಿಟಿ (ಒಟ್ಟು ಶಕ್ತಿಯ ಮಿತಿ) 142 ವಾಟ್, ಟಿಡಿಸಿ (ನಿರಂತರ ಕರೆಂಟಿನ ಮಿತಿ) 95 ಆಂಪಿಯರ್, ಇಡಿಸಿ (ಕ್ಷಣಿಕ ಕರೆಂಟಿನ ಮಿತಿ) 140 ಆಂಪಿಯರ್. ಪಿಪಿಟಿಯೊಂದನ್ನೇ 105ಕ್ಕೆ ತಂದು ನೋಡಿ, ಸಾಲದಿದ್ದರೆ 95. ಕೆಲವು ಬೋರ್ಡ್‌ಗಳು ಇದನ್ನು ಮಿಲಿವಾಟಿನಲ್ಲಿ ಕೇಳುತ್ತವೆ: 105 ಎಂದು ಹಾಕಿದರೆ ಕಂಪ್ಯೂಟರ್ ಎತ್ತಿನಗಾಡಿಯಾಗುತ್ತದೆ, 105000 ಎಂದು ಹಾಕಬೇಕು. 5600 ಮತ್ತು 5600ಎಕ್ಸ್‌ನ ಪಿಪಿಟಿ ಮೊದಲೇ 76. ಅವು ಬಿಸಿಯಾಗುತ್ತಿದ್ದರೆ ದೋಷ ಕೂಲರಿನ ಕಡೆಗೇ ಹುಡುಕಿ. 7600ಎಕ್ಸ್‌ಗೆ ಇಷ್ಟೂ ಕಷ್ಟವಿಲ್ಲ, ಬಯೋಸಿನ ಇಕೋ ಮೋಡಿನಲ್ಲಿ 65 ವಾಟ್ ಆಯ್ಕೆ ಮಾಡಿದರೆ ಪಿಪಿಟಿ 142ರಿಂದ 88ಕ್ಕೆ ಬರುತ್ತದೆ.

ಇಂಟೆಲ್‌ನಲ್ಲಿ ಎರಡು ಮಿತಿ: ದೀರ್ಘಕಾಲದ ಪಿಎಲ್1, ಸ್ವಲ್ಪ ಹೊತ್ತಿನ ಪಿಎಲ್2. 12400ಎಫ್‌ಗೆ ಅವು 65 ಮತ್ತು 117 ವಾಟ್. ಹಲವು ಬೋರ್ಡ್‌ಗಳು ಇಂಟೆಲ್ ಹೇಳಿದ್ದನ್ನು ಬಿಟ್ಟು ಎರಡಕ್ಕೂ 4095 ವಾಟ್ ಎಂದು ತುಂಬಿಸಿಡುತ್ತವೆ, ಎಂದರೆ ಮಿತಿಯೇ ಇಲ್ಲ. ಪಿಎಲ್1 65, ಪಿಎಲ್2 90 ಎಂದು ಬರೆದರೆ ಜತೆಗೆ ಬಂದ ಕೂಲರೇ ಬೇಸಿಗೆಯನ್ನು ದಾಟಿಸುತ್ತದೆ. ಹೆಸರಿನ ಕೊನೆಗೆ ಕೆ ಅಕ್ಷರವಿಲ್ಲದ (ಓವರ್‌ಕ್ಲಾಕ್ ಮಾಡಲಾಗದ) ಚಿಪ್‌ಗಳಲ್ಲೂ ಈ ಅಂಕಿಗಳನ್ನು ಬದಲಿಸಬಹುದು. 13 ಮತ್ತು 14ನೇ ತಲೆಮಾರಿನ ಐ7, ಐ9 ಇಟ್ಟುಕೊಂಡವರ ವಿಷಯ ಬೇರೆ. ಚಿಪ್ ತಾನೇ ಅತಿಯಾದ ವೋಲ್ಟೇಜ್ ಕೇಳಿ ಸವೆಯುವ ದೋಷ ಅವುಗಳಲ್ಲಿತ್ತು. ಅದಕ್ಕೆ ಇಂಟೆಲ್ 2024ರ ಆಗಸ್ಟ್‌ನಿಂದ ಮೈಕ್ರೋಕೋಡ್ (ಚಿಪ್ಪಿನೊಳಗಿನ ಆದೇಶಗಳ) ತಿದ್ದುಪಡಿಗಳನ್ನು ಬಿಡುಗಡೆ ಮಾಡಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹೊಸ ಬಯೋಸ್ ಹಾಕಿ, ಅದರಲ್ಲಿ ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ಸ್ ಆಯ್ಕೆ ಮಾಡಿ. ಆಟ ತೆರೆದೊಡನೆ ಶೇಡರ್ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂ) ಸಿದ್ಧವಾಗುವಾಗ ವಿಡಿಯೋ ಮೆಮರಿ ಸಾಲದೆಂಬ ಸಂದೇಶದೊಂದಿಗೆ ಆಟ ಬೀಳುತ್ತಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಬೈಯುವ ಮೊದಲು ಪ್ರೊಸೆಸರಿನ ಮೇಲೆ ಕಣ್ಣಿಡಿ. ಸವೆದ ಚಿಪ್ ತಿದ್ದುಪಡಿಯಿಂದ ಸರಿಯಾಗುವುದಿಲ್ಲ, ವಾರಂಟಿಗೆ ಕೊಡಬೇಕು.

ವಿಂಡೋಸಿನ ಪವರ್ ಪ್ಲಾನಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಶೇಕಡ ಮಾಡುವ ಉಪಾಯ ಎಲ್ಲರ ಬಾಯಲ್ಲೂ ಇದೆ. ಅದು ಬೂಸ್ಟನ್ನು ಬುಡಸಮೇತ ಆರಿಸುತ್ತದೆ. 12400ಎಫ್ 4.4 ಗಿಗಾಹರ್ಟ್ಸ್‌ನಿಂದ 2.5ಕ್ಕೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು ಸಂಜೆಯ ಮಟ್ಟಿಗೆ ಸರಿ, ಡೆಸ್ಕ್‌ಟಾಪಿಗೆ ಬೇಡ. ಅದಕ್ಕಿಂತ ಫ್ರೇಮ್ ಮಿತಿ ಹಾಕುವುದು ಲೇಸು: 144 ಹರ್ಟ್ಸ್ ಮಾನಿಟರಿಗೆ 141. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಣಿಯುತ್ತವೆ, ಕೋಣೆಯೂ.

ರೈಜನ್‌ನಲ್ಲಿ ಇನ್ನೂ ಒಂದು ಮೆಟ್ಟಿಲಿದೆ, ಕರ್ವ್ ಆಪ್ಟಿಮೈಸರ್. ವೇಗ ಅದೇ, ವೋಲ್ಟೇಜ್ ಕಡಿಮೆ. ಒಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಆಲ್ ಕೋರ್, ನೆಗೆಟಿವ್, 10ರಿಂದ ಶುರು ಮಾಡಿ, ಪ್ರತಿ ಸಲ ಐದೈದೇ ಏರಿಸಿ. ಯಾರೋ 30 ಹಾಕಿದ್ದಾರೆಂದು ನೀವೂ ಹಾಕಬೇಡಿ. ಒಂದೇ ಮಾದರಿಯ ಎರಡು ಚಿಪ್‌ಗಳೂ ಒಂದೇ ರೀತಿ ಇರುವುದಿಲ್ಲ. ಹಂತಹಂತಕ್ಕೂ ಸಿನೆಬೆಂಚಿನ ಅಂಕ ಬರೆದಿಡಿ. ವೇಗ ಅಷ್ಟೇ ತೋರಿಸುತ್ತಾ ಅಂಕ ಇಳಿದರೆ ವೋಲ್ಟೇಜ್ ಸಾಲದೆ ಚಿಪ್ ಒಳಗೊಳಗೇ ನಿಧಾನಿಸುತ್ತಿದೆ. ನಿಜವಾಗಿ ಓಡಿದ ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋದ ಎಫೆಕ್ಟಿವ್ ಕ್ಲಾಕ್ ಸಾಲು ಅದನ್ನು ಬಯಲು ಮಾಡುತ್ತದೆ. ಮೋಸದ ಸಂಗತಿಯೆಂದರೆ, ಅತಿಯಾದ ಕಡಿತ ಭಾರದಲ್ಲಿ ಕೈಕೊಡುವುದು ಕಡಿಮೆ. ಹಾಡು ಕೇಳುತ್ತಿರುವಾಗಲೋ ಸುಮ್ಮನೆ ಇಟ್ಟಿರುವಾಗಲೋ ಒಂದೇ ಕೋರ್ ಪೂರ್ಣ ಬೂಸ್ಟಿಗೆ ಹಾರಿ, ಕಂಪ್ಯೂಟರ್ ಫಟ್ಟನೆ ರೀಸ್ಟಾರ್ಟ್ ಆಗುತ್ತದೆ. ಕರೆಂಟ್ ಹೋಯಿತೆಂದುಕೊಂಡು ಇನ್ವರ್ಟರನ್ನು ಶಂಕಿಸುವವರಿದ್ದಾರೆ. ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ (ಹಾರ್ಡ್‌ವೇರ್ ದೋಷದ ದಾಖಲೆ), ಸಂಖ್ಯೆ 18 ಕಂಡರೆ ಐದು ಅಂಕಿ ಹಿಂದೆ ಬನ್ನಿ. ಬೂಟೇ ಆಗದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಹಾಕಿ.

ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಕಳೆದು ಮಳೆ ಹಿಡಿದರೆ ಲೆಕ್ಕ ತಿರುಗುತ್ತದೆ. ಕೋಣೆ 27-28ಕ್ಕೆ ಬಂತೆಂದರೆ ಚಿಪ್ಪಿನಲ್ಲೂ ಆರೇಳು ಡಿಗ್ರಿ ಬಿಡುವು ಸಿಗುತ್ತದೆ, ಪಿಪಿಟಿಯನ್ನು ಹಳೆಯ ಅಂಕಿಗೆ ಏರಿಸಬಹುದು. ಓಡುವ ಕಂಪ್ಯೂಟರ್ ಯಾವಾಗಲೂ ಗಾಳಿಗಿಂತ ಬೆಚ್ಚಗಿರುವುದರಿಂದ ಅದರೊಳಗೆ ನೀರು ಕಟ್ಟುವುದಿಲ್ಲ. ತಿಂಗಳುಗಟ್ಟಲೆ ಆರಿಸಿಟ್ಟದ್ದಕ್ಕೇ ತುಕ್ಕು, ಬೂಷ್ಟು. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಮತ್ತೆ, ಚಿಪ್ ತಂಪಾದಷ್ಟೂ ರೈಜನ್ ಬೂಸ್ಟ್ ಮೇಲಕ್ಕೆ ಚಾಚುತ್ತದೆ. ಬೇಶ ತಿಂಗಳ (ಮೇ-ಜೂನ್) ಸೆಕೆಯಲ್ಲಿ ಕರ್ವ್ ಆಪ್ಟಿಮೈಸರಿನ ನೆಗೆಟಿವ್ 20ರಲ್ಲಿ ಗಟ್ಟಿ ನಿಂತ ಚಿಪ್, ಆಟಿ ತಿಂಗಳ (ಜುಲೈ-ಆಗಸ್ಟ್) ತಂಪಿನಲ್ಲಿ ಇನ್ನೂ ಮೇಲಿನ ವೇಗಕ್ಕೆ ಹೋಗಿ ಅದೇ 20ರಲ್ಲಿ ತಡವರಿಸಬಹುದು. ಮಳೆಗಾಲದಲ್ಲಿ ಒಮ್ಮೆ ಪರೀಕ್ಷೆ ಮಾಡಿ, ರೀಸ್ಟಾರ್ಟ್ ಕಂಡರೆ 15ಕ್ಕೆ ತನ್ನಿ.