ಮಜುರ್ಕಾದ ಎರಡನೇ ಬೀಟ್: ಆರು ವಾರದ ಕೆಲಸ ಎಲ್ಲಿಗೆ ಬಂತು

ಶೋಪ್ಯಾನ್ ಅವರ ಒಂದೇ ಒಂದು ಮಜುರ್ಕಾ ಹಿಡಿದುಕೊಂಡು ಆರು ವಾರ ಆಯಿತು. ಮಜುರ್ಕಾ ಅಂದರೆ ಮೂರು ಬೀಟಿನ ಪೋಲೆಂಡಿನ ಕುಣಿತ, ಶೋಪ್ಯಾನ್ ಅದನ್ನು ಪಿಯಾನೊ ಕೃತಿಯಾಗಿ ಬರೆದರು. ಓಪಸ್ 63ರ ಮೂರನೆಯದು, ಸಿ ಶಾರ್ಪ್ ಮೈನರ್‌ನಲ್ಲಿದೆ, 1847ರಲ್ಲಿ ಅಚ್ಚಾದದ್ದು. ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿದೇ ಹೋಗುತ್ತದೆ. ಬೇರೆ ಬೇರೆ ವಾದಕರು ಇದನ್ನು ಹೇಗೆ ನುಡಿಸಿದ್ದಾರೆ ಅಂತ ಬೀಟ್ ಬೀಟಿಗೂ ಅಳೆದು ನೋಡಬೇಕು ಅನ್ನೋದು ನನ್ನ ಆಸೆ. ಸದ್ಯಕ್ಕೆ ಐದು ರೆಕಾರ್ಡಿಂಗ್ ಇಟ್ಟುಕೊಂಡಿದ್ದೇನೆ. ರಾಖ್ಮನಿನೋವ್ ಅವರದು 1923ರದ್ದು, ಇಗ್ನಾಜ್ ಫ್ರೀಡ್‌ಮನ್ ಅವರದು 1930ರದ್ದು. ಉಳಿದ ಮೂರೂ ಆರ್ಥರ್ ರೂಬಿನ್‌ಸ್ಟೈನ್ ಅವರದೇ. ಮಜುರ್ಕಾಗಳನ್ನು ಅವರು ಮೂರು ಸಲ ರೆಕಾರ್ಡ್ ಮಾಡಿದರು: 1938-39, 1952-53, ಆಮೇಲೆ 1965-66.

ಬಲಾಡ್‌ನಂಥ ದೊಡ್ಡ ಕೃತಿ ಬಿಟ್ಟು ಇದೇ ಯಾಕೆ ಅಂದರೆ, ಬೆರಳಿನ ವೇಗ ತೋರಿಸೋಕೆ ಇಲ್ಲಿ ಜಾಗ ಕಡಿಮೆ. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವೆಲ್ಲ ಸಮಯವನ್ನು ಹೇಗೆ ಹಂಚುತ್ತಾರೆ ಅನ್ನೋದರಲ್ಲೇ ಇದೆ.

ಮೊದಲ ಎರಡು ವಾರ

ಸಾನಿಕ್ ವಿಷುವಲೈಸರ್ ಅನ್ನೋ ಉಚಿತ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಹಾಡು ಓಡುತ್ತಿರುವಾಗ ಪ್ರತಿ ಬೀಟಿಗೂ ಕೀಬೋರ್ಡಿನ ಒಂದು ಕೀ ಒತ್ತಿದರೆ ಅಲ್ಲಿ ಒಂದು ಗೆರೆ ಬೀಳುತ್ತದೆ. ಒಂದು ರೆಕಾರ್ಡಿಂಗಿಗೆ 220ಕ್ಕೂ ಜಾಸ್ತಿ ಗೆರೆ. ಮೊದಲ ಸುತ್ತು ಮುಗಿಸಿ ನೋಡಿದರೆ ನನ್ನ ಗೆರೆಗಳು ಸ್ವರಕ್ಕಿಂತ 40-50 ಮಿಲಿಸೆಕೆಂಡ್ ಹಿಂದೆ ಬಿದ್ದಿದ್ದವು. ಎಲ್ಲ ಕಡೆ ಒಂದೇ ಸಮ ತಡವಾಗಿದ್ದರೆ ತೊಂದರೆ ಇರಲಿಲ್ಲ. ವಾದಕರು ಬೀಟನ್ನು ಎಳೆದ ಕಡೆ ನಾನು ಕಾಯದೆ ಮೊದಲೇ ಒತ್ತಿದ್ದೆ. ಅಂದರೆ ನಾನು ಹುಡುಕುತ್ತಿದ್ದ ಜಾಗದಲ್ಲೇ ಅಳತೆ ಕೆಟ್ಟಿತ್ತು. ಈಗ ಒತ್ತಿದ್ದು ಬರೀ ಮೊದಲ ಅಂದಾಜು. ಆಮೇಲೆ ಪ್ರತಿ ಗೆರೆಯನ್ನೂ ಪರದೆಯ ಮೇಲಿನ ಸದ್ದಿನ ಚಿತ್ರದಲ್ಲಿ ಸ್ವರ ಹುಟ್ಟುವ ಜಾಗಕ್ಕೆ ಕೈಯಿಂದ ಸರಿಸುತ್ತೇನೆ. ಒಂದು ರೆಕಾರ್ಡಿಂಗಿಗೆ ಎರಡು ಸಂಜೆ ಬೇಕು.

ರಾಖ್ಮನಿನೋವ್ ಅವರದು ಇನ್ನೂ ಅರ್ಧದಲ್ಲಿದೆ. ಮೈಕ್ ಬರುವ ಮುಂಚೆ ಸದ್ದು ಹಿಡಿಯುವ ಕೊಳವೆಯ ಮುಂದೆ ಕೂತು ನುಡಿಸಿದ್ದು, ಎಡಗೈಯ ಕೆಳಸ್ವರಗಳು ಸದ್ದಿನಲ್ಲಿ ಮುಳುಗಿವೆ.

ಮೂರನೇ ವಾರ

ಒಟ್ಟು ಅವಧಿ ಹೋಲಿಸುವುದನ್ನು ಬಿಟ್ಟುಬಿಟ್ಟೆ. ಹಳೆಯ 78 ಆರ್‌ಪಿಎಂ ತಟ್ಟೆಗಳನ್ನು ಡಿಜಿಟಲ್‌ಗೆ ತರುವಾಗ ತಿರುಗುವ ವೇಗ ಸ್ವಲ್ಪ ತಪ್ಪಿದರೂ ಶ್ರುತಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ಅರ್ಧ ಸ್ವರ ಏರಿದರೆ ವೇಗವೂ ಸುಮಾರು 6% ಜಾಸ್ತಿ ಆಯಿತು ಅಂತಲೇ ಅರ್ಥ. ಹಾಗಿದ್ದಾಗ ಯಾರು ಬೇಗ ನುಡಿಸಿದರು ಅನ್ನೋ ಲೆಕ್ಕವನ್ನು ಹೇಗೆ ನಂಬೋದು? ಆದರೆ ಒಂದು ಬಾರ್ (ಮೂರು ಬೀಟಿನ ಒಂದು ಸುತ್ತು) ಒಳಗೆ ಮೂರು ಬೀಟ್‌ಗಳಿಗೆ ಸಿಕ್ಕ ಪಾಲು ಇದರಿಂದ ಬದಲಾಗುವುದಿಲ್ಲ. ತಟ್ಟೆ ಬೇಗ ತಿರುಗಿದರೆ ಮೂರೂ ಒಟ್ಟಿಗೇ ಕುಗ್ಗುತ್ತವೆ. ಅವತ್ತಿನಿಂದ ಎಲ್ಲ ಅಳತೆಯನ್ನೂ ಶೇಕಡಾ ಪಾಲಿನಲ್ಲಿ ಬರೆಯುತ್ತಿದ್ದೇನೆ. ಸಮವಾಗಿ ಹಂಚಿದರೆ ಒಂದೊಂದಕ್ಕೆ 33.3.

ಹೀಗೆ ಬರೆದ ಮೇಲೆ ನನಗೆ ನಿಜಕ್ಕೂ ಕಣ್ಣು ತೆರೆದ ಹಾಗಾಯಿತು. ರುಬಾಟೊ, ಅಂದರೆ ವಾದಕರು ಸಮಯವನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸೋದು, ಅದು ಸಾಲಿನ ಕೊನೆಯಲ್ಲಿ ನಿಧಾನ ಮಾಡೋದು, ನಡುವೆ ಓಡೋದು ಅಂತ ಅಂದುಕೊಂಡಿದ್ದೆ. ಅದೂ ಇದೆ. ಆದರೆ ಫ್ರೀಡ್‌ಮನ್ ನುಡಿಸುವಾಗ ಅದು ಪ್ರತಿ ಬಾರ್ ಒಳಗೇ ನಡೆಯುತ್ತಿದೆ. ಮೊದಲ ಬೀಟ್ ಚಿಕ್ಕದು, ತಟ್ಟಿ ಬಿಟ್ಟ ಹಾಗೆ. ಎರಡನೆಯದರ ಮೇಲೆ ಭಾರ ಕೂರುತ್ತದೆ, ಕಾಲು ಎತ್ತಿ ಗಾಳಿಯಲ್ಲಿ ಒಂದು ಕ್ಷಣ ನಿಂತ ಹಾಗೆ. ಮೂರನೆಯದು ಆ ಸಾಲ ತೀರಿಸುತ್ತಾ ಮುಂದಿನ ಬಾರ್‌ಗೆ ಇಳಿಯುತ್ತದೆ.

ಶೋಪ್ಯಾನ್ ಅವರನ್ನು ಬಲ್ಲ ಪಿಯಾನೊ ವಾದಕ ಚಾರ್ಲ್ಸ್ ಹಾಲೆ ಬರೆದಿಟ್ಟ ಒಂದು ಪ್ರಸಂಗ ಇದೆ. ನೀವು ಮಜುರ್ಕಾವನ್ನು ಮೂರಕ್ಕಲ್ಲ, ನಾಲ್ಕಕ್ಕೆ ನುಡಿಸುತ್ತೀರಿ ಅಂತ ಅವರು ಶೋಪ್ಯಾನ್‌ಗೇ ಹೇಳಿದರಂತೆ. ಶೋಪ್ಯಾನ್ ಒಪ್ಪಲಿಲ್ಲ. ಅವರು ನುಡಿಸುತ್ತಿರುವಾಗ ಹಾಲೆ ಗಟ್ಟಿಯಾಗಿ ನಾಲ್ಕು ಎಣಿಸಿದರು, ಸರಿಯಾಗಿ ಕೂತಿತು. ಆಗ ಶೋಪ್ಯಾನ್ ನಕ್ಕು, ಇದು ಈ ಕುಣಿತದ ನಾಡಿನ ಗುಣ ಅಂದರಂತೆ. ಫ್ರೀಡ್‌ಮನ್ ಜೊತೆ ನಾನೂ ನಾಲ್ಕು ಎಣಿಸಿ ನೋಡಿದೆ. ಒಂದೆರಡು ಬಾರ್‌ನಲ್ಲಿ ಕೂತೇ ಬಿಟ್ಟಿತು! ಅವತ್ತು ರಾತ್ರಿ ಬೇರೇನೂ ಕೆಲಸ ಮಾಡಲಿಲ್ಲ, ಅದನ್ನೇ ಕೇಳುತ್ತಾ ಕೂತೆ.

ನಾಲ್ಕು, ಐದು

ರೂಬಿನ್‌ಸ್ಟೈನ್ ಅವರ ಮೂರನ್ನೂ ಮುಗಿಸಿದೆ. ಮೊದಲನೆಯದರಲ್ಲಿ ಚಡಪಡಿಕೆ ಇದೆ. ಕೊನೆಯದು ಸರಳ, ಮೂರೂ ಬೀಟ್‌ಗಳು ಸಮಕ್ಕೆ ಹತ್ತಿರ ಬಂದಿವೆ. ಮೊದಲು ಕೇಳಿದಾಗ ಕೊನೆಯದೇ ಚೆನ್ನ ಅನಿಸಿತ್ತು. ಈಗ ನನ್ನ ಮನಸ್ಸು ಮೊದಲನೆಯದರ ಕಡೆ ವಾಲಿದೆ.

ಇಂಥ ಅಳತೆಯಿಂದ ಏನು ಸಿಗುತ್ತೆ ಅಂತ ಕೇಳುವವರಿಗೆ 2007ರ ಸಂಗತಿ ಹೇಳುತ್ತೇನೆ. ಸಂಶೋಧಕರಾದ ನಿಕೋಲಸ್ ಕುಕ್ ಮತ್ತು ಕ್ರೇಗ್ ಸಾಪ್ ಮಜುರ್ಕಾಗಳನ್ನು ಹೀಗೇ ಬೀಟ್ ಲೆಕ್ಕದಲ್ಲಿ ಹೋಲಿಸುತ್ತಿದ್ದಾಗ, ಜಾಯ್ಸ್ ಹ್ಯಾಟೊ ಅನ್ನೋ ಪಿಯಾನೊ ವಾದಕಿಯ ಹೆಸರಿನಲ್ಲಿ ಮಾರಾಟವಾಗಿದ್ದ ಮಜುರ್ಕಾಗಳು ನಿಜಕ್ಕೂ ಇನ್ನೊಬ್ಬ ವಾದಕ ಯೂಜೀನ್ ಇಂಜಿಕ್ ನುಡಿಸಿದವೇ ಅಂತ ಗೊತ್ತಾಯಿತು. ಒಬ್ಬರ ಕೈ ಸಮಯ ಹಂಚುವ ರೀತಿ ಇನ್ನೊಬ್ಬರಿಗೆ ಅಷ್ಟು ಕರಾರುವಾಕ್ಕಾಗಿ ಬರೋಕೆ ಸಾಧ್ಯವೇ ಇಲ್ಲ, ಅಲ್ವಾ?

ಈ ವಾರ

ಎರಡು ಕೈಗಳ ಸಮಸ್ಯೆಗೆ ಒಂದು ದಾರಿ ಮಾಡಿಕೊಂಡೆ. ಹಳೆಯ ವಾದಕರಲ್ಲಿ ಎಡಗೈ ಒಂದು ಕೂದಲೆಳೆ ಮೊದಲು ಬೀಳುತ್ತದೆ, ರಾಗದ ಸ್ವರ ಆಮೇಲೆ ಬರುತ್ತದೆ. ಬೀಟ್ ಯಾವುದು? ಎಡಗೈಯನ್ನೇ ಬೀಟ್ ಅಂತ ಹಿಡಿದು, ಬಲಗೈ ಎಷ್ಟು ತಡ ಅನ್ನೋದನ್ನು ಪಕ್ಕದ ಕಾಲಂನಲ್ಲಿ ಬರೆಯುತ್ತಿದ್ದೇನೆ.

ಈಗ ಸಿಕ್ಕಿಕೊಂಡಿರೋದು ಕೊನೆಯ ಭಾಗದಲ್ಲಿ. ಅಲ್ಲಿ ಶೋಪ್ಯಾನ್ ಒಂದು ಕ್ಯಾನನ್ ಇಟ್ಟಿದ್ದಾರೆ. ಮೇಲಿನ ದನಿ ಹಾಡಿದ್ದನ್ನೇ ಕೆಳಗಿನ ದನಿ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗೆ, ಒಂದೇ ಒಂದು ಬೀಟ್ ತಡವಾಗಿ ಹಾಡುತ್ತದೆ. ಮೇಲಿನ ದನಿಯಲ್ಲಿ ಚಿಕ್ಕ ಮೊದಲ ಬೀಟಿನ ಮೇಲೆ ಬಂದ ಸ್ವರ, ಕೆಳಗಿನ ದನಿಯಲ್ಲಿ ಎಳೆದ ಎರಡನೇ ಬೀಟಿನ ಮೇಲೆ ಕೂರುತ್ತದೆ. ಅದೇ ರಾಗ, ಆದರೆ ಬೇರೆ ನಡಿಗೆ. ಸಮವಾಗಿ ನುಡಿಸಿದರೆ ಇಬ್ಬರೂ ಒಂದೇ ಥರ ಮಾತಾಡುತ್ತಾರೆ. ಫ್ರೀಡ್‌ಮನ್ ಕೈಯಲ್ಲಿ ಕೆಳಗಿನವರು ಯೋಚನೆ ಮಾಡಿ ಉತ್ತರ ಕೊಟ್ಟ ಹಾಗೆ ಕೇಳುತ್ತದೆ. ಆ ಕೆಲವೇ ಬಾರ್‌ಗಳಲ್ಲಿ ಎರಡೂ ದನಿಗೆ ಬೇರೆ ಬೇರೆ ಗೆರೆ ಹಾಕಲು ನಿನ್ನೆ ಶುರು ಮಾಡಿದೆ. ಮೂರು ಬಾರ್ ಆಗಿದೆ. ಅದು ಮುಗಿದ ಮೇಲೆ ಮತ್ತೆ ರಾಖ್ಮನಿನೋವ್.